ಬೀರುವಿನಲ್ಲಿ ಬೀಗ ಹಾಕಿಟ್ಟ ದೊಣೆಯ ಮಣ್ಣು

ಉಪ್ಪಿನಕಾಯಿ ಸೀಸೆಯ ನೀರಿನಲ್ಲಿ ಓಡಾಡುತ್ತಿದ್ದ ಆ ಜೀವಿಗಳನ್ನು ಕಂಡಾಗ ನನಗೆ ಮೊದಲು ಅನಿಸಿದ್ದು, ಇವಳು ಇವನ್ನು ಹೊಸಪೇಟೆಯಲ್ಲಿ ಕೊಂಡು ತಂದಿದ್ದಾಳೆ ಎಂದು. ಎಷ್ಟು ಚೆಂದ ಇವೆಯಲ್ಲ ಎಂದು ಅನಿಸಿದ್ದು ಆಮೇಲೆ. ಜೀವಶಾಸ್ತ್ರ ಕಲಿಸುವವಳಿಗೆ ಇವೆರಡೂ ಹಿಂದುಮುಂದಾಗಿ ಹೊಳೆಯಬೇಕಿತ್ತು, ಗೊತ್ತು. ಆದರೆ ನನ್ನ ಸ್ವಭಾವವೇ ಹಾಗೆ. ಹಾಲಿನವನು ಹಾಲು ಹಾಕಿ ಹೋದ ಮೇಲೆ ಬೆರಳದ್ದಿ ನೋಡುವ ಪೈಕಿ ನಾನು.

ಸಂಕ್ರಾಂತಿ ಕಳೆದ ಮೊದಲ ಸೋಮವಾರ ಅದು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರಿನ ಪ್ರೌಢಶಾಲೆಗೆ ನಾನು ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಶಾಲೆಗೊಂದು ಪ್ರಯೋಗ ಕಳಿಸಬೇಕಿತ್ತು. ಮುಂದಿನ ವಾರದ ಶನಿವಾರ ಮಧ್ಯಾಹ್ನದೊಳಗೆ ಹೆಸರು ಹೋಗಬೇಕು. ಹೆಸರಿನ ಜೊತೆ, ಇದು ವಿದ್ಯಾರ್ಥಿಯ ಸ್ವಂತ ವೀಕ್ಷಣೆ ಎಂದು ಆಯಾ ವಿಷಯದ ಶಿಕ್ಷಕರು ಬರೆದುಕೊಡಬೇಕು.

ಸೀಸೆ ತಂದವಳು ಹತ್ತನೆಯ ತರಗತಿಯ ಹುಡುಗಿ. ಅವಳ ತಂದೆ ಕುರಿ ಕಾಯುವವರು. ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ, ಅಂಕಗಳೂ ಅಷ್ಟಕ್ಕಷ್ಟೆ. ಅವಳ ಕೈಯಲ್ಲಿ ಸೀಸೆಯ ಜೊತೆ ಒಂದು ನೂರು ಪುಟದ ನೋಟ್ ಪುಸ್ತಕವೂ ಇತ್ತು.

"ಏನಿದು?" ಎಂದೆ.

"ದೊಣಿ ಹುಳ ಟೀಚರ್. ಒಣ ಮಣ್ಣಿಗೆ ನೀರು ಹಾಕಿ ಇಟ್ಟಿದ್ನಿ. ತಾವ ಹುಟ್ಯಾವ."

ಬಂಡೆಯ ಮೇಲೆ ಮಳೆನೀರು ನಿಲ್ಲುವ ತಗ್ಗಿಗೆ ನಮ್ಮಲ್ಲಿ ದೊಣೆ ಎನ್ನುತ್ತಾರೆ. ಹಂಪಿಯ ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಇಂಥವು ಲೆಕ್ಕವಿಲ್ಲದಷ್ಟು. ಮಳೆಗಾಲದಲ್ಲಿ ತುಂಬುತ್ತವೆ, ಮಳೆ ನಿಂತ ಕೆಲವೇ ವಾರಗಳಲ್ಲಿ ಒಣಗುತ್ತವೆ.

"ಒಣ ಅಂದ್ರ ಎಷ್ಟು ಒಣ?"

"ದೀಪಾವಳಿಗಿಂತ ಮುಂಚೇನ ನೀರು ಆರಿತ್ರಿ. ಮಣ್ಣು ಹಿಟ್ಟಾಗಿತ್ತು. ನೀರು ಹಾಕಿ ಇವತ್ತಿಗೆ ಹದಿನಾರು ದಿನ."

ಸೀಸೆಯನ್ನು ಬೆಳಕಿಗೆ ಹಿಡಿದೆ. ಬೆರಳುಗುರಿನಷ್ಟು ಉದ್ದದ, ಆಚೆಯಿಂದೀಚೆಗೆ ಕಾಣುವಷ್ಟು ತಿಳಿಯಾದ ಜೀವಿಗಳು. ಎಲ್ಲವೂ ಅಂಗಾತ ಮಲಗಿ, ಹೊಟ್ಟೆ ಮೇಲೆ ಮಾಡಿಕೊಂಡೇ ಈಜುತ್ತಿದ್ದವು. ಹೊಟ್ಟೆಯ ಉದ್ದಕ್ಕೂ ಎಲೆಯಂತಹ ಕಾಲುಗಳ ಸಾಲು ಅಲೆಅಲೆಯಾಗಿ ಆಡುತ್ತಿತ್ತು. ಇವು ಆ ಕಾಲುಗಳಿಂದಲೇ ಉಸಿರಾಡುತ್ತವೆ. ನಡೆಸುವುದೂ ಅದೇ, ಉಣಿಸುವುದೂ ಅದೇ, ಉಸಿರೂ ಅದೇ. ಸಿಗಡಿಯ ದೂರದ ಸಂಬಂಧಿಗಳು. ಪುಸ್ತಕದಲ್ಲಿ ಫೇರಿ ಶ್ರಿಂಪ್ ಎಂಬ ಹೆಸರಿನ ಕೆಳಗೆ ಇವುಗಳ ಚಿತ್ರ ನೋಡಿದ್ದೆ. ಇವುಗಳ ಮೊಟ್ಟೆ ಬಿಸಿಲಿನಲ್ಲಿ ಒಣಗಿ ಧೂಳಾಗಿ ವರ್ಷಗಟ್ಟಲೆ ಬಿದ್ದಿದ್ದು, ನೀರು ಕಂಡಾಗ ಒಡೆಯುತ್ತದೆ ಎಂಬ ಒಂದು ಸಾಲನ್ನೂ ಓದಿದ್ದೆ. ಮೂರು ಮೈಲಿ ದೂರದ ಗುಡ್ಡದಲ್ಲಿ ಅವು ಇರಬಹುದೆಂದು ಮಾತ್ರ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ನನಗೇ ಹೊಳೆಯದ್ದು ಇವಳಿಗೆ ಹೇಗೆ ಹೊಳೆಯಿತು? ಅಲ್ಲಿಂದಲೇ ಅನುಮಾನ ಶುರುವಾಯಿತು.

ನನ್ನ ಅನುಮಾನಕ್ಕೆ ಒಂದು ಕಾರಣವೂ ಇತ್ತೆನ್ನಿ. ಇದಕ್ಕೆ ಮೊದಲು ಸಂಡೂರಿನ ಕಡೆಯ ಒಂದು ಶಾಲೆಯಲ್ಲಿದ್ದೆ. ಅಲ್ಲಿ ಒಬ್ಬ ಹುಡುಗ ಹೃದಯದ ಮಾದರಿ ಮಾಡಿ ತಂದ. ಕೆಂಪು ನೀರು, ಪ್ಲಾಸ್ಟಿಕ್ ಕೊಳವೆ, ಗುಂಡಿ ಒತ್ತಿದರೆ ಲಬ್ ಡಬ್ ಸದ್ದು. ನಾನು ಹಿಗ್ಗಿ ಹೀರೇಕಾಯಿಯಾಗಿ ಸಹಿ ಮಾಡಿದೆ. ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು ಆ ಹೃದಯವನ್ನು ಎತ್ತಿ ಬುಡ ನೋಡಿದರು. ಅಂಗಡಿಯ ಚೀಟಿ ಅಂಟಿಕೊಂಡಿತ್ತು. "ಇದು ಯಾರ ಹೃದಯ ಮೇಡಂ?" ಎಂದು ಕೇಳಿದರು. ನೆರೆದವರೆಲ್ಲ ನಕ್ಕರು. ರೆಡಿಮೇಡ್ ಮಾದರಿ ಕೊಂಡು ತರುವುದು ನಮ್ಮ ಕಡೆ ಹೊಸದೇನಲ್ಲ, ಎಲ್ಲ ಶಾಲೆಯವರೂ ಮಾಡುತ್ತಾರೆ. ಸಿಕ್ಕಿಬಿದ್ದವಳು ನಾನು. ಅಂದಿನಿಂದ ಯಾವ ಮಗು ಏನು ತಂದರೂ ಮೊದಲು ಬುಡ ನೋಡುತ್ತೇನೆ.

ಸೀಸೆಯ ಬುಡವನ್ನೂ ನೋಡಿದೆ. ಏನೂ ಇರಲಿಲ್ಲ. ಮುಚ್ಚಳ ಮೂಸಿದೆ, ಹಳೆಯ ಉಪ್ಪಿನಕಾಯಿಯ ವಾಸನೆ ಸಣ್ಣಗೆ ಇತ್ತು. ಉಪ್ಪು ಎಂಬ ಮಾತು ತಲೆಯಲ್ಲಿ ಕೂತಿತು. ಬಣ್ಣದ ಮೀನು ಮಾರುವ ಅಂಗಡಿಗಳಲ್ಲಿ ಮೀನಿನ ಮರಿಗಳಿಗೆ ತಿನ್ನಿಸಲು ಒಂದು ಪುಡಿ ಸಿಗುತ್ತದೆ, ಅದನ್ನು ಉಪ್ಪುನೀರಿಗೆ ಹಾಕಿದರೆ ಜೀವ ಹುಟ್ಟುತ್ತದೆ ಎಂದು ಎಲ್ಲೋ ಕೇಳಿದ್ದೆ. ಸೀಸೆಯನ್ನೂ ನೋಟ್ ಪುಸ್ತಕವನ್ನೂ ಇಟ್ಟುಕೊಂಡು ಹುಡುಗಿಯನ್ನು ಕಳಿಸಿದೆ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಹೊಸಪೇಟೆಯಲ್ಲಿ ಬಸ್ಸಿಳಿದು, ಮನೆಗೆ ಹೋಗದೆ, ಒಂದು ಮೀನಿನ ಅಂಗಡಿ ಹೊಕ್ಕೆ. ಪುಡಿ ಕೇಳಿದೆ. ಅಂಗಡಿಯವನು ಕಂದು ಪುಡಿಯ ಸಣ್ಣ ಡಬ್ಬಿ ತೆಗೆದ.

"ಇದು ಪುಡಿ ಅಲ್ರಿ ಮೇಡಂ, ಮೊಟ್ಟಿ. ಉಪ್ಪುನೀರಾಗ ಹಾಕಿದ್ರ ಒಂದಿನಕ್ಕ ಮರಿ ಆಡ್ತಾವ."

"ಸಿಹಿನೀರಾಗ ಹಾಕಿದ್ರ?"

"ಭಾಳ ಹೊತ್ತು ಬದುಕಂಗಿಲ್ರಿ."

"ಯೂನಿಫಾರಂ ಹಾಕ್ಕೊಂಡ ಹುಡುಗಿ ಯಾರಾದ್ರೂ ಇದನ್ನ ಒಯ್ದಾಳೇನು, ಒಂದು ತಿಂಗಳ ಈಚೆಗೆ?"

"ಸ್ಕೂಲ್ ಹುಡುಗ್ರು ದಿನಾ ಬರ್ತಾವ್ರಿ. ಯಾರಂತ ನೆಪ್ಪಿಡ್ಲಿ? ನೀವು ಪೊಲೀಸ್ನೋರೇನ್ರಿ?"

ಇಲ್ಲ ಎನ್ನಲಿಲ್ಲ ಅವನು, ಅಷ್ಟೇ ಸಾಕಾಯಿತು ನನಗೆ. ಡಬ್ಬಿಯ ಮೇಲಿನ ಚಿತ್ರದಲ್ಲಿದ್ದ ಜೀವಿಯೂ ಅಂಗಾತ ಈಜುವಂಥದೇ, ಎಲೆಗಾಲಿನದೇ. ಬರಿಗಣ್ಣಿಗೆ ಎರಡರ ನಡುವೆ ವ್ಯತ್ಯಾಸ ಹೇಳುವಷ್ಟು ಓದಿಕೊಂಡವಳಲ್ಲ ನಾನು. ಆದರೆ ಒಂದು ಉಪ್ಪಿನಲ್ಲಿ ಬದುಕುತ್ತದೆ, ಇನ್ನೊಂದು ಮಳೆನೀರಿನಲ್ಲಿ. ಹಾಗಾದರೆ ನೀರನ್ನೇ ಕೇಳಿದರಾಯಿತು.

ಬುಧವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಸೀಸೆಯಿಂದ ಸ್ವಲ್ಪ ನೀರನ್ನು ಸೋಸಿ ಪ್ರನಾಳಕ್ಕೆ ತೆಗೆದುಕೊಂಡೆ. ಎರಡು ಹನಿ ನೈಟ್ರಿಕ್ ಆಮ್ಲ, ಆಮೇಲೆ ಕಂದು ಸೀಸೆಯಲ್ಲಿದ್ದ ಸಿಲ್ವರ್ ನೈಟ್ರೇಟ್. ನೀರಿನಲ್ಲಿ ಉಪ್ಪಿದ್ದರೆ ಬೆಳ್ಳಗಾಗುತ್ತದೆ. ಬೆಳ್ಳಗಾಯಿತು. ಸಿಕ್ಕಿಬಿದ್ದಳು ಎಂದು ಗಟ್ಟಿಯಾಗಿಯೇ ಅಂದುಕೊಂಡೆ. ಖುಷಿಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಖುಷಿಯೇ.

ಎರಡನೆಯ ಪೀರಿಯಡ್ಡಿನಲ್ಲಿ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿದೆ.

"ನೀರಿಗೆ ಉಪ್ಪು ಹಾಕೀಯಲ್ಲ?"

"ಇಲ್ಲ ಟೀಚರ್."

"ಪುಡಿ ಎಲ್ಲಿ ತಗೊಂಡಿ?"

"ಯಾವ ಪುಡಿರಿ?"

ಎಂಥ ಮುಗ್ಧ ಮುಖ ಎಂದುಕೊಂಡೆ. ಸಂಡೂರಿನ ಹುಡುಗನ ಮುಖವೂ ಹೀಗೇ ಇತ್ತು. ಪ್ರನಾಳ ಎತ್ತಿ ತೋರಿಸಿ, ವಿಜ್ಞಾನದ ಮುಂದೆ ಸುಳ್ಳು ನಡೆಯುವುದಿಲ್ಲ ಎಂದು ಐದು ನಿಮಿಷ ಭಾಷಣ ಮಾಡಿದೆ. ಅವಳ ನೋಟ್ ಪುಸ್ತಕದ ಎರಡನೆಯ ಪುಟದಲ್ಲಿ ಕೆಂಪು ಶಾಯಿಯಿಂದ 'ಸ್ವಂತ ವೀಕ್ಷಣೆಯಲ್ಲ' ಎಂದು ಬರೆದು ಸಹಿ ಹಾಕಿದೆ. ಹುಡುಗಿ ಅಳಲಿಲ್ಲ. ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಮುಂದಿನ ಬೆಂಚಿನ ಹುಡುಗಿಯರು ತಿರುಗಿ ತಿರುಗಿ ನೋಡಿದರು. ಪಾಠ ಮುಗಿಯುವ ಹೊತ್ತಿಗೆ ಯಾರೋ ಅವಳಿಗೆ 'ಪುಡಿ' ಎಂದು ಹೆಸರಿಟ್ಟಿದ್ದರು.

ಗುರುವಾರ ಸ್ಟಾಫ್ ರೂಮಿನಲ್ಲಿ ಈ ಪತ್ತೇದಾರಿಕೆಯನ್ನು ರಸಾಯನಶಾಸ್ತ್ರದ ಮಾಸ್ತರಿಗೆ ವರ್ಣಿಸುತ್ತಿದ್ದೆ. ಅವರು ಟಿಫಿನ್ ಡಬ್ಬಿಯಿಂದ ತಲೆ ಎತ್ತದೆ ಕೇಳಿದರು: "ಬರೇ ಬೋರಿನ ನೀರಿಗೆ ಹಾಕಿ ನೋಡಿದ್ರೇನು ಮೇಡಂ?"

ನೋಡಿರಲಿಲ್ಲ. ಎದ್ದು ಹೋಗಿ ಶಾಲೆಯ ನಲ್ಲಿಯ ನೀರು ಹಿಡಿದು ಅದೇ ಹನಿಗಳನ್ನು ಹಾಕಿದೆ. ಅದೇ ಬಿಳುಪು. ನಮ್ಮ ಸೀಮೆಯ ಬೋರಿನ ನೀರಿನಲ್ಲಿ ಮೊದಲೇ ಉಪ್ಪಿನಂಶ ಇರುತ್ತದೆ, ಚಹಾ ಮಾಡಿದರೆ ನಾಲಿಗೆಗೇ ಗೊತ್ತಾಗುತ್ತದೆ. ಹೋಲಿಕೆಗೆ ಇನ್ನೊಂದು ಪ್ರನಾಳ ಇಡಬೇಕು ಎಂದು ಎಂಟನೆಯ ತರಗತಿಯವರಿಗೆ ಹೇಳಿಕೊಡುವವಳು ನಾನೇ. ಮಾಸ್ತರು ನಗಲಿಲ್ಲ, ಅದೊಂದು ಉಪಕಾರ.

ಆದರೂ ಕೆಂಪು ಶಾಯಿಯನ್ನು ಹೊಡೆದುಹಾಕಲಿಲ್ಲ. ಉಪ್ಪಿನ ಪುರಾವೆ ಬಿದ್ದುಹೋಯಿತು, ನಿಜ. ಅದರಿಂದ ಹುಡುಗಿ ಹೇಳಿದ್ದು ನಿಜವಾಯಿತೇ? ಗುಡ್ಡದಿಂದಾಚೆ ಯಾವುದಾದರೂ ಕೆರೆಯಿಂದ ಹಿಡಿದು ತಂದಿರಬಹುದಲ್ಲ? ಅನುಮಾನಕ್ಕೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ.

ಅವತ್ತೇ ಮಧ್ಯಾಹ್ನ ಅವಳ ತಂದೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಂಬಳಿಯನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದು ನಿಂತರು. ಕುಂದ್ರಿ ಎಂದರೂ ಕೂರಲಿಲ್ಲ.

"ಅಕ್ಕೋರ, ನನ್ನ ಮಗಳು ಸುಳ್ಳಿ ಅಂತ ಹೇಳೀರಂತ."

"ಹಂಗಲ್ರಿ. ಪ್ರಯೋಗ ಅಂದ ಮ್ಯಾಲ ಪರೀಕ್ಷಾ ಮಾಡಬೇಕಾಗ್ತೈತಿ."

"ಮಾಡ್ರಿ. ಓದಾಕ ಬರಂಗಿಲ್ಲ ಅಂದ್ರೂ ನಾ ತಡಕೋತೀನಿ. ಸುಳ್ಳಿ ಅಂದ್ರ ತಡಕೊಳಂಗಿಲ್ಲ. ನಿನ್ನೆಯಿಂದ ಹುಡುಗ್ರು ಏನೇನೋ ಅಂತ ಕರೀತಾವಂತ, ನಾಳೆಯಿಂದ ಸಾಲಿಗೇ ಹೋಗಂಗಿಲ್ಲ ಅಂತ ಕುಂತಾಳ. ಹುಳ ನಾನೂ ನೋಡೀನ್ರಿ. ಪ್ರತಿ ಮಳಿಗೂ ನೋಡ್ತೀನಿ. ಕುರಿ ನೀರು ಕುಡೀವಾಗ ಆಡ್ತಿರ್ತಾವ."

ಅಪ್ಪನೂ ಸೇರಿಕೊಂಡಿರಬಹುದು ಎಂದು ನನ್ನ ಮನಸ್ಸು ಅಷ್ಟರಲ್ಲೇ ಹೇಳಿತು. ಆದರೆ ಒಂದು ಹುಡುಗಿ ನನ್ನ ಮಾತಿನಿಂದ ಶಾಲೆ ಬಿಡುವುದೆಂದರೆ ಹುಡುಗಾಟವಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು. ನಾನು ಹೇಳಿದ್ದು ನಿಜವೋ, ಅವಳು ಹೇಳಿದ್ದು ನಿಜವೋ ಇತ್ಯರ್ಥವಾಗಲೇಬೇಕಿತ್ತು.

"ನಾಳೆ ಆಕಿನ್ನ ಕರಕೊಂಡು ಬರ್ರಿ. ನಾನ ಗುಡ್ಡಕ್ಕ ಬರ್ತೀನಿ, ನನ್ನ ಕೈಯಾರೆ ಮಣ್ಣು ತಗೀತೀನಿ" ಎಂದೆ.

ಶುಕ್ರವಾರ ಬೆಳಿಗ್ಗೆ ಮೂವರೂ ಹತ್ತಿದೆವು. ಅಪ್ಪ ಮುಂದೆ, ನಾನು ನಡುವೆ, ಹುಡುಗಿ ಹಿಂದೆ. ನೆತ್ತಿಯ ಬಂಡೆಯ ಮೇಲೆ ಹಿಟ್ಟು ನಾದುವ ಪರಾತದಷ್ಟಗಲದ ತಗ್ಗುಗಳು, ಒಂದರಲ್ಲೂ ತೇವವಿರಲಿಲ್ಲ. ನೀರು ಇಳಿಯುತ್ತಾ ಬಂದ ಗುರುತು ಅಂಚಿನಲ್ಲಿ ಬಳೆಬಳೆಯಾಗಿ ಉಳಿದಿತ್ತು. ತಳದಲ್ಲಿ ಬೂದುಬಣ್ಣದ ಮಣ್ಣು, ಒಣ ಹಿಕ್ಕೆ. ಈ ಸೀಮೆಯ ಬಿಸಿಲಿಗೆ ಬಂಡೆ ಎಷ್ಟು ಕಾಯುತ್ತದೆಂದರೆ ಏಪ್ರಿಲ್ಲಿನಲ್ಲಿ ಬರಿಗಾಲಿಡಲಾಗುವುದಿಲ್ಲ. ಇದರಲ್ಲಿ ಜೀವ ಕಾದು ಕೂತಿದೆ ಎಂದರೆ ನಂಬುವುದು ಹೇಗೆ?

"ಹಳ್ಳ ಇಲ್ಲ, ಹೊಳಿ ಇಲ್ಲ. ಈ ದೊಣಿಯಿಂದ ಆ ದೊಣಿಗೆ ಹ್ಯಾಂಗ ಹೋಗ್ತಾವ?" ಎಂದು ಅಪ್ಪನನ್ನು ಕೇಳಿದೆ. ಸುಳ್ಳಾದರೆ ಇಲ್ಲಿ ತಡವರಿಸುತ್ತಾರೆ ಎಂದುಕೊಂಡಿದ್ದೆ.

"ಕುರಿ ಕಾಲಾಗಿನ ಕೆಸರಿನಾಗ ಹೋಗ್ತಾವ್ರಿ. ಗಾಳಿಗೂ ಹೋಗ್ತಾವೇನೋ. ಧೂಳಲ್ಲೇನ್ರಿ?"

ನಾನು ತಂದಿದ್ದ ಹೊಸ ಚಮಚದಿಂದ ಮೂರು ದೊಣೆಗಳ ಮಣ್ಣನ್ನು ಮೂರು ಹೊಸ ಕಾಗದದ ಲಕೋಟೆಗಳಿಗೆ ತುಂಬಿದೆ. ಹುಡುಗಿ ಸಹಾಯಕ್ಕೆ ಬಗ್ಗಿದಳು. "ಮುಟ್ಟಬ್ಯಾಡ. ಕೈ ಹಿಂದ ಕಟ್ಟಿಕೊಂಡು ನಿಂತ್ಕೊ" ಎಂದೆ. ನಿಂತಳು. ಅವಳ ಅಪ್ಪ ಬೇರೆ ಕಡೆ ನೋಡಿದರು.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ನಾಲ್ಕು ಗಾಜಿನ ಸೀಸೆಗಳನ್ನು ಕುದಿಯುವ ನೀರಿನಲ್ಲಿ ತೊಳೆದೆ. ಹಿಂದಿನ ದಿನವೇ ಕುದಿಸಿ ಆರಿಸಿಟ್ಟ ನೀರನ್ನು ಚೆನ್ನಾಗಿ ಕಲಕಿ, ಗಾಳಿ ಬೆರೆಯಲು ಬಿಟ್ಟು, ನಾಲ್ಕಕ್ಕೂ ತುಂಬಿದೆ. ಮೂರಕ್ಕೆ ಒಂದೊಂದು ದೊಣೆಯ ಮಣ್ಣು. ನಾಲ್ಕನೆಯದಕ್ಕೆ ಏನೂ ಇಲ್ಲ, ಬರೀ ನೀರು. ಈ ಸಲ ಹೋಲಿಕೆಯ ಸೀಸೆ ಮರೆಯಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಾಯಿಗೆ ತೆಳುಬಟ್ಟೆ ಕಟ್ಟಿ, ಸುತ್ತ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಹೆಡ್ ಮಾಸ್ತರ ಸಹಿ ಹಾಕಿಸಿದೆ. ಇಷ್ಟಾದರೂ ಸಮಾಧಾನವಿಲ್ಲ. ಶನಿವಾರ, ಭಾನುವಾರ ಯಾರಾದರೂ ಕಿಟಕಿಯಿಂದ ಕೈ ಹಾಕಿದರೆ? ನಾಲ್ಕೂ ಸೀಸೆಗಳನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಹುಡುಗಿ ಬಾಗಿಲ ಬಳಿ ನಿಂತು ಎಲ್ಲ ನೋಡುತ್ತಿದ್ದಳು. ಬೀರು ಮುಚ್ಚಿದಾಗ ಏನೋ ಹೇಳಲು ಬಾಯಿ ತೆರೆದಳು. ನಾನು ನೋಡಿದ ನೋಟಕ್ಕೆ ಸುಮ್ಮನಾದಳು.

ಸೋಮವಾರ ಹೆಡ್ ಮಾಸ್ತರು ಮತ್ತು ಹುಡುಗಿಯ ಎದುರು ಬೀಗ ತೆಗೆದು, ಪಟ್ಟಿ ಹರಿದು, ಸೀಸೆಗಳನ್ನು ಮೇಜಿನ ಮೇಲಿಟ್ಟೆ. ಒಂದರಲ್ಲೂ ಏನೂ ಇರಲಿಲ್ಲ. ಹನಿ ಹನಿಯಾಗಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಮಣ್ಣಿನ ಕಣ, ನಡುನಡುವೆ ಕೆಲವು ಕಂದು ಗುಂಡುಗಳು. ಮರಳು ಎಂದುಕೊಂಡು ಸ್ಲೈಡ್ ಒರೆಸಿದೆ.

"ಹಂಗಾದ್ರ ಬಿಡ್ರಿ ಮೇಡಂ, ಮಳೆನೀರು ಕೊಯ್ಲಿನ ಮಾಡೆಲ್ ಐತಲ್ಲ, ಅದನ್ನ ಕಳಿಸೋಣು" ಎಂದರು ಹೆಡ್ ಮಾಸ್ತರು. ಆ ಮಾದರಿ ಪ್ರತಿವರ್ಷ ಬೇರೆ ಬೇರೆ ಮಗುವಿನ ಹೆಸರಿನಲ್ಲಿ ಹೋಗುತ್ತದೆ.

ಹುಡುಗಿ ಬೀರುವಿನ ಕಡೆಯೇ ನೋಡುತ್ತಿದ್ದಳು. "ಟೀಚರ್, ನನ್ನ ಪುಸ್ತಕ ಓದೀರೇನ್ರಿ?" ಎಂದಳು.

"ಓದೀನಿ."

ಓದಿರಲಿಲ್ಲ. ಈ ಹದಿನೈದು ದಿನಗಳಲ್ಲಿ ಯಾರಾದರೂ ಶುದ್ಧ ಸುಳ್ಳು ಹೇಳಿದ್ದರೆ ಅದು ಆ ಒಂದು ಮಾತು, ಹೇಳಿದವಳು ನಾನು. ಶಾಲೆಗಳಲ್ಲಿ ಮಕ್ಕಳ ಪ್ರಯೋಗದ ಪುಸ್ತಕ ಓದುವವರು ಯಾರು? ಕಟ್ಟುಕಟ್ಟಾಗಿ ಬರುತ್ತವೆ, ಚಿತ್ರ ಇದೆಯೇ ಎಂದು ಹಾಳೆ ತಿರುವುತ್ತೇವೆ, ಮೂಲೆಯಲ್ಲಿ ಟಿಕ್ ಹಾಕಿ ಸಹಿ ಗೀಚುತ್ತೇವೆ. ಮಕ್ಕಳೂ ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆದಿರುತ್ತಾರೆ, ಹಾಗಾಗಿ ಯಾರಿಗೂ ನಷ್ಟವಿಲ್ಲ. ನಾನು ಎರಡು ಪುಟ ಕಣ್ಣಾಡಿಸಿ ಕೆಂಪು ಶಾಯಿ ಎತ್ತಿಕೊಂಡಿದ್ದೆ.

ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಬೇಕೆನಿಸಿತೋ, ಅವಳ ತಪ್ಪು ಇನ್ನೊಂದು ಸಿಗಲಿ ಎನಿಸಿತೋ, ಊಟದ ಬಿಡುವಿನಲ್ಲಿ ಪುಸ್ತಕ ತೆರೆದೆ. ಐದನೆಯ ಪುಟದಲ್ಲಿ ಕೈ ನಿಂತಿತು. ಅವಳ ಗುಂಡು ಅಕ್ಷರಗಳಲ್ಲಿ ಹೀಗಿತ್ತು:

'ಸೀಸೆ ಒಂದು: ಮಾಳಿಗೆಯ ಮೇಲೆ ಇಟ್ಟೆ. ಎರಡನೇ ದಿನ ಸಂಜೆ ಬಿಳಿ ಚುಕ್ಕೆಗಳು ಕಂಡವು. ಸೀಸೆ ಎರಡು: ಜೋಳದ ಚೀಲದ ಹಿಂದೆ ಕತ್ತಲಲ್ಲಿ ಇಟ್ಟೆ. ಆರು ದಿನ ಏನೂ ಇಲ್ಲ. ಏಳನೇ ದಿನ ಅದನ್ನೂ ಮಾಳಿಗೆಗೆ ತಂದೆ. ಒಂಬತ್ತನೇ ದಿನ ಅದರಲ್ಲೂ ಹುಟ್ಟಿದವು. ಬೆಳಕು ಬೇಕು ಅನ್ನಿಸುತ್ತದೆ.'

ಅದರ ಕೆಳಗೆ ಇನ್ನೊಂದು ಟಿಪ್ಪಣಿ: 'ಕಂದು ಗುಂಡುಗಳು ಮರಳಲ್ಲ. ಸೂಜಿಯಿಂದ ಒತ್ತಿದರೆ ಒಡೆಯುತ್ತವೆ. ಎಲ್ಲ ಒಂದೇ ಸಲ ಹುಟ್ಟುವುದಿಲ್ಲ. ಕೆಲವು ಹಾಗೇ ಉಳಿಯುತ್ತವೆ. ಮಳೆ ಮೋಸ ಮಾಡಬಹುದು ಅಂತ ಇರಬಹುದು.'

ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಒಂದು ಅಡ್ಡಮಳೆ ಬಂದು, ದೊಣೆ ತುಂಬಿ, ನಾಲ್ಕು ದಿನಕ್ಕೇ ಆರಿಹೋಯಿತೆನ್ನಿ. ಹುಟ್ಟಿದವೆಲ್ಲ ಮೊಟ್ಟೆಯಿಡುವ ಮೊದಲೇ ಸಾಯುತ್ತವೆ. ಆಗ ವಂಶ ಉಳಿಸುವುದು ಮೊದಲ ನೀರನ್ನು ನಂಬದೆ ಮುದುಡಿ ಕೂತ ಮೊಟ್ಟೆಗಳು. ಬೆಳಕಿನ ಲೆಕ್ಕವೂ ಅಂಥದೇ: ಕತ್ತಲೆಂದರೆ ತಾನಿನ್ನೂ ಮಣ್ಣಿನ ಆಳದಲ್ಲಿದ್ದೇನೆ, ಒಡೆದು ಪ್ರಯೋಜನವಿಲ್ಲ. ತಲೆಯಿಲ್ಲದ ಒಂದು ಧೂಳಿನ ಕಣ ಇಷ್ಟೆಲ್ಲ ಅನುಮಾನ ಪಡುತ್ತದೆ, ಅದೂ ನನಗಿಂತ ಸರಿಯಾಗಿ. ಇಷ್ಟು ವರ್ಷ ಪಾಠ ಮಾಡಿದ ವಿಷಯ ನನಗೆ ಇಷ್ಟು ಹಿಡಿಸಿದ್ದು ಆ ಮಧ್ಯಾಹ್ನವೇ. ನಾಚಿಕೆಯಾದದ್ದೂ ಆ ಮಧ್ಯಾಹ್ನವೇ. ಮೋಸವಾಗದಿರಲಿ ಎಂದು ಬೀರುವಿಗೆ ಬೀಗ ಹಾಕಿದ್ದೆ. ಮೊಟ್ಟೆ ಒಡೆಯದಂತೆ ತಡೆದದ್ದು ಆ ಬೀಗವೇ.

ಆಗ ಮಾಡಬೇಕಿದ್ದದ್ದು ಒಂದೇ: ಹುಡುಗಿಯನ್ನು ಕರೆದು ಹೇಳುವುದು. ಮಾಡಲಿಲ್ಲ. ಮತ್ತೆ ಏನೂ ಹುಟ್ಟದಿದ್ದರೆ? ಯಾರಿಗೂ ಹೇಳದೆ ಮಣ್ಣಿನ ಮೂರೂ ಸೀಸೆಗಳನ್ನು ಪೂರ್ವದ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಪಟ್ಟಿ ಅಂಟಿಸಲಿಲ್ಲ, ಸಹಿ ಹಾಕಿಸಲಿಲ್ಲ. ನನ್ನ ಮೇಲೆ ನನಗೆ ಅನುಮಾನ ಬರುವ ಪ್ರಶ್ನೆಯೇ ಇರಲಿಲ್ಲವಲ್ಲ.

ಮಂಗಳವಾರ ಏನೂ ಇಲ್ಲ. ಬುಧವಾರ ಮೊದಲ ಬಸ್ಸಿಗೇ ಬಂದು ನೇರ ಕಿಟಕಿಗೆ ಹೋದೆ. ಮೊದಲ ಸೀಸೆಯಲ್ಲಿ ಎಳೆಬಿಸಿಲು ಬಿದ್ದ ಕಡೆ ಬಿಳಿ ಚುಕ್ಕೆಗಳು. ಧೂಳಿರಬೇಕು ಎಂದು ಸೀಸೆ ಅಲುಗಿಸದೆ ನಿಂತೆ. ಧೂಳು ತಾನಾಗಿ ಕುಪ್ಪಳಿಸುವುದಿಲ್ಲ. ಅವು ಕುಪ್ಪಳಿಸುತ್ತಿದ್ದವು. ಎರಡನೆಯದರಲ್ಲೂ ಇದ್ದವು, ಮೂರನೆಯದರಲ್ಲಿ ಇರಲಿಲ್ಲ. ಈ ವಯಸ್ಸಿನಲ್ಲಿ, ಸೀರೆಯಲ್ಲಿ, ಖಾಲಿ ಪ್ರಯೋಗಾಲಯದಲ್ಲಿ ನಾನೂ ಒಂದು ಸಲ ಕುಪ್ಪಳಿಸಿದೆ.

ಪ್ರಾರ್ಥನೆ ಮುಗಿದ ಕೂಡಲೇ ಹುಡುಗಿಯನ್ನು ಕರೆಸಿದೆ. ಭೂತಗನ್ನಡಿ ಅವಳ ಕೈಗೆ ಕೊಟ್ಟೆ. ಓಡಿ ಬಂದು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಒಂದೊಂದೇ ಸೀಸೆ ನೋಡಿದಳು. ಆಮೇಲೆ ಭೂತಗನ್ನಡಿ ಕೆಳಗಿಟ್ಟಳು.

"ಪಟ್ಟಿ ಎಲ್ಲೈತ್ರಿ ಟೀಚರ್?"

"ಸೋಮವಾರ ತಗದ್ವಲ್ಲ, ನಿನ್ನ ಎದುರಿಗೇನ."

"ಆಮ್ಯಾಲ ಕಿಟಕಿಗೆ ಯಾರು ಇಟ್ರು?"

"ನಾನ ಇಟ್ಟೆ. ನಿನ್ನ ಪುಸ್ತಕ ಓದಿ ಇಟ್ಟೆ."

"ಯಾರ ಮುಂದ ಇಟ್ರಿ?"

ನಾನು ಭೂತಗನ್ನಡಿ ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದೆ.

"ನನ್ನ ಸೀಸಿಯೊಳಗಿನ ಹುಳ ಇನ್ನೂ ನಿಮ್ಮ ಹತ್ರಾನ ಅದಾವ್ರಿ" ಎಂದಳು. ಸಿಟ್ಟಿನಿಂದಲ್ಲ, ಎರಡನೆಯ ಪ್ರಶ್ನೆಗೆ ಉತ್ತರ 'ಬ' ಎನ್ನುವ ಹಾಗೆ. "ಅವು ಮರಿ ಹಾಕಿ, ನೀವು ಆ ನೀರು ಇದಕ್ಕ ಹಾಕಿಲ್ಲ ಅಂತ ಹ್ಯಾಂಗ ಗೊತ್ತಾಗ್ತೈತಿ?"

ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಪಾಠ ಮಾಡಿದವಳನ್ನು ಕುರಿ ಕಾಯುವವರ ಮಗಳು ಕೇಳುತ್ತಿದ್ದಾಳೆ. "ನಾ ಯಾಕ ಹಂಗ ಮಾಡ್ಲಿ?" ಎಂದೆ. ಮಾತು ಹೊರಬಿದ್ದ ಮೇಲೆ ಗೊತ್ತಾಯಿತು, ವಾರದ ಹಿಂದೆ ಎಲ್ಲರ ಮುಂದೆ ನಿಂತಾಗ ಅವಳ ಮನಸ್ಸಿನಲ್ಲೂ ಇದೇ ಪ್ರಶ್ನೆ ಇದ್ದಿರಬೇಕು. ಅದನ್ನು ಕೇಳುವಷ್ಟೂ ಜಾಗ ನಾನು ಅವಳಿಗೆ ಬಿಟ್ಟಿರಲಿಲ್ಲ.

"ನಾಳೆ ನಾಡದ್ದು ಹೆಸರು ಹೋಗಬೇಕವಾ. ನಾ ಈಗ ಸಹಿ ಮಾಡ್ತೀನಿ" ಎಂದೆ.

"ಬ್ಯಾಡ್ರಿ. ಈಗ ನೀವು ಮಾಡಿದ್ರ ನಾಳೆ ಮತ್ಯಾರಾದ್ರೂ ಪುಡಿ ಅಂತಾರ. ಶನಿವಾರತನ ಟೈಮೈತಿ."

ಲಕೋಟೆಗಳಲ್ಲಿ ಉಳಿದಿದ್ದ ಮಣ್ಣನ್ನು ಅವಳು ಮುಟ್ಟಲಿಲ್ಲ. ಮಧ್ಯಾಹ್ನ ಹೆಡ್ ಮಾಸ್ತರನ್ನೇ ಗುಡ್ಡ ಹತ್ತಿಸಿದಳು. ಪಾಪ, ಅವರಿಗೆ ಮಂಡಿನೋವು. ಹೊಸ ಮಣ್ಣು ಬಂತು. ಎರಡು ಸೀಸೆ ಕಿಟಕಿಯಲ್ಲಿ, ಎರಡು ಬೀರುವಿನಲ್ಲಿ, ಒಂದರಲ್ಲಿ ಬರೀ ನೀರು. ಐದರ ಮೇಲೂ ಪಟ್ಟಿ, ಪಟ್ಟಿಯ ಮೇಲೆ ಹೆಡ್ ಮಾಸ್ತರ ಸಹಿಯ ಜೊತೆ ಅವಳದೂ. ಹಳೆಯ ಹುಳಗಳ ಸೀಸೆಯನ್ನೂ ನಾನು ಕಿಟಕಿಗಿಟ್ಟಿದ್ದ ಮೂರನ್ನೂ ಅವಳ ಅಪ್ಪ ಮನೆಗೆ ಒಯ್ದರು. ಬೀರುವಿನ ಕೀಲಿ, ಪ್ರಯೋಗಾಲಯದ ಕೀಲಿ ಎರಡೂ ಹೆಡ್ ಮಾಸ್ತರ ಕಿಸೆಗೆ ಹೋದವು. ಗುರುವಾರ, ಶುಕ್ರವಾರ ನಾನು ಆ ಕೋಣೆಯ ಪಡಸಾಲೆಗೂ ಹೋಗಲಿಲ್ಲ. ಪಾಠವನ್ನೆಲ್ಲ ಬೇವಿನ ಮರದ ಕೆಳಗೆ ಮಾಡಿದೆ. ಮಕ್ಕಳಿಗೆ ಕಾರಣ ಗೊತ್ತಿತ್ತು, ಮುಸಿಮುಸಿ ನಗುತ್ತಿದ್ದರು. ಮೊಟ್ಟೆ ಒಡೆಯದಿದ್ದರೆ ಏನು ಗತಿ ಎಂದು ನಾನು ಊಟ ಸೇರದೆ ಒದ್ದಾಡಿದೆ. ಮೂರನೆಯ ದೊಣೆಯ ಮಣ್ಣಿನ ಹಾಗೆ ಇದೂ ಕೈಕೊಟ್ಟರೆ ಈ ಹುಡುಗಿಯ ಹೆಸರನ್ನು ನಾನು ಯಾವುದರಿಂದ ತೊಳೆಯಲಿ?

ಶನಿವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಬಾಗಿಲಲ್ಲಿ ಅವಳು ಬಂದು ನಿಂತಳು.

"ಬರ್ರಿ ಟೀಚರ್, ಈಗ ನೀವು ಬರಬಹುದು."

ಕಿಟಕಿಯ ಎರಡೂ ಸೀಸೆಗಳಲ್ಲಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಬೀರುವಿನ ಎರಡರಲ್ಲೂ ಬರೀ ಮಣ್ಣು, ಐದನೆಯದರಲ್ಲಿ ಬರೀ ನೀರು. ಇಡೀ ಹತ್ತನೆಯ ತರಗತಿ ಕಿಟಕಿಗೆ ಮುತ್ತಿಕೊಂಡಿತ್ತು. ಅವಳಿಗೆ ಹೆಸರಿಟ್ಟವರೇ ಭೂತಗನ್ನಡಿಗಾಗಿ ಕಿತ್ತಾಡುತ್ತಿದ್ದರು. ನಾನು ಎಲ್ಲರ ಮುಂದೆ, ತಪ್ಪು ನನ್ನದು, ಈ ಹುಡುಗಿ ಮೊದಲ ದಿನದಿಂದ ನಿಜವನ್ನೇ ಹೇಳಿದ್ದಳು ಎಂದೆ. ಎರಡನೆಯ ಪುಟದ ಕೆಂಪು ಸಾಲನ್ನು ಹೊಡೆದುಹಾಕಿ, ಹೊಡೆದದ್ದರ ಪಕ್ಕದಲ್ಲೂ ಸಹಿ ಮಾಡಿದೆ. ಆಮೇಲೆ ಕೊನೆಯ ಪುಟದಲ್ಲಿ ಪ್ರಮಾಣದ ಮಾತು ಬರೆಯಲು ಪೆನ್ನು ಎತ್ತಿದೆ.

"ಮೊದ್ಲು ಓದ್ರಿ" ಎಂದಳು.

ಓದಿದೆ, ಗಟ್ಟಿಯಾಗಿ, ಮೊದಲ ಪುಟದಿಂದ. ಕೊನೆಯ ಪುಟದಲ್ಲಿ, ಪ್ರಯೋಗದಲ್ಲಿ ವಹಿಸಿದ ಎಚ್ಚರಿಕೆಗಳು ಎಂಬ ತಲೆಬರಹದ ಕೆಳಗೆ, ಸೀಸೆ ತೊಳೆದದ್ದು, ನೀರು ಕುದಿಸಿದ್ದು, ಪಟ್ಟಿ ಅಂಟಿಸಿದ್ದು ಎಲ್ಲ ಸಾಲಾಗಿ ಇದ್ದವು. ಕೊನೆಯ ಎಚ್ಚರಿಕೆ ಇಷ್ಟು: 'ಮೂರು ದಿನ ಜೀವಶಾಸ್ತ್ರದ ಶಿಕ್ಷಕಿಯವರನ್ನು ಸೀಸೆಗಳ ಹತ್ತಿರ ಬಿಡಲಿಲ್ಲ.'

ಅದನ್ನೂ ಗಟ್ಟಿಯಾಗಿಯೇ ಓದಿ, ಅದರ ಕೆಳಗೆ ಸಹಿ ಮಾಡಿದೆ.